ಹುಬ್ಬಳ್ಳಿ ದುರ್ಗದಬೈಲಿನ ಗಿರ್ಮಿಟ್ ಗಾಡಿ: ನಾಲ್ಕು ಸ್ಟಾರ್

ಗಿರ್ಮಿಟ್ ಚಲೋ ಇದೆ. ಚುರುಮುರಿಗೆ ಹುಣಸೆ-ಬೆಲ್ಲದ ಒಗ್ಗರಣೆ ಕಲಸಿ, ಮೇಲೆ ಪುಟಾಣಿ ಹಿಟ್ಟು, ಹಸಿ ಉಳ್ಳಾಗಡ್ಡಿ ಉದುರಿಸಿ ಕೊಡುತ್ತಾರೆ, ಜೊತೆಗೆ ಬಿಸಿ ಮಿರ್ಚಿ. ಕೂರೋಕೆ ಜಾಗ ಇಲ್ಲ, ಅದಕ್ಕೇ ಒಂದು ಸ್ಟಾರ್ ಕಟ್. ನಿಂತೇ ತಿನ್ನಬೇಕು, ನಿಂತೇ ರಾಜಕೀಯ ಮಾತಾಡಬೇಕು.

ಜೊತೆಗಿದ್ದ ನಮ್ಮ ಕಾಕಾ ಫ್ಲೋರಿಡಾದ ಮತದಾರ. ಅಲ್ಲಿ ಗವರ್ನರ್‌ನ ಜನರೇ ಆರಿಸುತ್ತಾರೆ, ನಮ್ಮ ರಾಜ್ಯಪಾಲರ ಹಾಗೆ ದಿಲ್ಲಿಯಿಂದ ನೇಮಕ ಅಲ್ಲ. 2022ರಲ್ಲಿ ಇವರು ಆ ಹುದ್ದೆಗೆ ರಿಪಬ್ಲಿಕನ್ ಪಕ್ಷದ ರಾನ್ ಡಿಸ್ಯಾಂಟಿಸ್‌ಗೇ ವೋಟು ಹಾಕಿದವರು. ಕೋವಿಡ್ ಕಾಲದಲ್ಲಿ ಶಾಲೆ, ಅಂಗಡಿ ಬೇಗ ತೆರೆಸಿದ್ದು ಇಷ್ಟವಾಗಿತ್ತಂತೆ. ಆದರೆ ಯಾವಾಗ ನೋಡಿದರೂ 'ವೋಕ್' (ಜನಾಂಗ, ಲಿಂಗದ ವಿಷಯದಲ್ಲಿ ಅತಿ ಉದಾರವಾದ ಅಂತ ವಿರೋಧಿಗಳು ಹಳಿಯೋ ಮಾತು) ವಿರುದ್ಧ ಯುದ್ಧ, ಡಿಸ್ನಿ ಜೊತೆ ಜಗಳ, ಅದನ್ನೇ ಕೇಳಿ ಕೇಳಿ ಸಾಕಾಗಿದೆ. "ಮನೆ ಇನ್ಶೂರೆನ್ಸ್ ಕಂತು ಏರ್ತಾನೇ ಇದೆ, ಅದರ ಬಗ್ಗೆ ಹೇಳಪ್ಪಾ ಅಂದ್ರೆ ಶಾಲೆ ಲೈಬ್ರರಿಯಿಂದ ಪುಸ್ತಕ ತೆಗೆಸೋ ಮಾತು ಎತ್ತುತಾನೆ" ಅಂತ ಮಿರ್ಚಿ ಕಚ್ಚುತ್ತಲೇ ಬೈದರು. 2024ರ ಜನವರಿಯಲ್ಲಿ, ಪಕ್ಷದ ಅಭ್ಯರ್ಥಿಯನ್ನು ಆರಿಸೋ ಮೊದಲ ಸುತ್ತು ಅಯೋವಾ ರಾಜ್ಯದಲ್ಲಿ ಆದಮೇಲೆ, ಡಿಸ್ಯಾಂಟಿಸ್ ಅಧ್ಯಕ್ಷ ಸ್ಪರ್ಧೆಯಿಂದ ಹಿಂದೆ ಸರಿದಿದ್ದೂ ಇದಕ್ಕೇ ಅನ್ನೋದು ಕಾಕಾನ ಲೆಕ್ಕ. ನನಗೇನೋ ಅದು ಪೂರ್ತಿ ಒಪ್ಪಿಗೆ ಇಲ್ಲ. ಎದುರಿಗೆ ಟ್ರಂಪ್ ಇದ್ದಾಗ ಆ ಪಕ್ಷದಲ್ಲಿ ಬೇರೆ ಯಾರ ಮಾತು ತಾನೇ ನಡೀತಿತ್ತು, ಅಲ್ವಾ?