ತಳ್ಳುವ ಗರಗಸ, ಎಳೆಯುವ ಗರಗಸ: ಎರಡರಲ್ಲೂ ಒಂದೊಂದು ಮಣೆ ಮಾಡಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಎಳೆಯುವ ಗರಗಸಕ್ಕೆ. ಮನೆಮಂದಿಯೆಲ್ಲ ಸೇರಿ ಮರಗೆಲಸ ಕಲಿಯೋಣ ಅನ್ನುವವರು ಅದನ್ನೇ ತನ್ನಿ.

ಮೇ ರಜೆಯಲ್ಲಿ ಅಮ್ಮ, ಮಗಳು, ನಾನು ಸೇರಿ ಕೂರುವ ಮಣೆ ಮಾಡಲು ಹೊರಟೆವು. ಒಂದು ಹಲಗೆ, ಅಡಿಗೆ ಎರಡು ಪಟ್ಟಿ, ನಾಲ್ಕು ಸ್ಕ್ರೂ, ಅಷ್ಟೇ ಕೆಲಸ. ಸುರತ್ಕಲ್ ಹತ್ತಿರದ ಮಿಲ್ಲಿನಲ್ಲಿ ಒಂದಿಂಚು ದಪ್ಪದ ಹಲಸಿನ ಹಲಗೆ ಸಿಕ್ಕಿತು. ಹಂಪನಕಟ್ಟೆಯಿಂದ 380 ರೂಪಾಯಿಗೆ ಮಾಮೂಲಿ ಕೈಗರಗಸ ತಂದೆ.

ತೊಂದರೆ ಶುರುವಾಗಿದ್ದೇ ಅಲ್ಲಿ. ಈ ಗರಗಸ ಕೊಯ್ಯುವುದು ಮುಂದಕ್ಕೆ ತಳ್ಳುವಾಗ. ತಳ್ಳಬೇಕಾದರೆ ಮರ ಅಲುಗಬಾರದು, ಅಲುಗಬಾರದು ಅಂದರೆ ಗಟ್ಟಿ ಮೇಜು ಬೇಕು, ಇಲ್ಲವೇ ಹಲಗೆ ಮೇಲೆ ಮೊಣಕಾಲೂರಿ ಮೈಭಾರವೆಲ್ಲ ಹಾಕಬೇಕು. ನಮ್ಮಲ್ಲಿ ಅಂಥ ಮೇಜಿಲ್ಲ. ಅಮ್ಮನಿಗೆ ಮೊಣಕಾಲು ಊರಲು ಆಗುವುದಿಲ್ಲ. ಮಗಳಿಗೆ 9 ವರ್ಷ, ಅವಳು ಹತ್ತಿ ಕೂತರೂ ಹಲಗೆ ಜಾರುತ್ತಿತ್ತು.

ಅಲಗು ಮರದಲ್ಲಿ ಕಚ್ಚಿಕೊಂಡಾಗಂತೂ ಇನ್ನೂ ಕಷ್ಟ. ಜೋರಾಗಿ ತಳ್ಳಿದರೆ ಅದು ಬಿಲ್ಲಿನ ಹಾಗೆ ಬಾಗುತ್ತದೆ, ಬಿಟ್ಟ ತಕ್ಷಣ ಠಣ್ ಅಂತ ಹಾರಿ ಗೆರೆ ಬಿಟ್ಟು ಆಚೆ ಹೋಗುತ್ತದೆ. ಹಿಡಿ ದೊಡ್ಡವರ ಅಂಗೈ ಅಳತೆಯದ್ದು. ಹತ್ತು ನಿಮಿಷಕ್ಕೆ ಮಗಳು "ನೀನೇ ಮಾಡು ಅಪ್ಪ" ಅಂತ ಎದ್ದು ಹೋದಳು. ನನಗೆ ತುಂಬಾ ಬೇಜಾರಾಯ್ತು. ಮಣೆಯೇನೋ ಆಯ್ತು, ಆದರೆ ಮಾಡಿದ್ದು ನಾನೊಬ್ಬನೇ.

ಆಮೇಲೆ ತರಿಸಿದ್ದು ಎಳೆಯುವಾಗ ಕೊಯ್ಯುವ ಗರಗಸ, ಜಪಾನಿನ ರ್‍ಯೋಬಾ, 1,450 ರೂಪಾಯಿ. ಎರಡು ಕಡೆ ಹಲ್ಲು, ಒಂದು ಅಡ್ಡ ಕೊಯ್ಯಲು, ಇನ್ನೊಂದು ನಾರಿನ ಉದ್ದಕ್ಕೆ. ಎಳೆದಾಗ ಅಲಗು ತಾನೇ ನೆಟ್ಟಗಾಗುತ್ತದೆ, ಹಾಗಾಗಿ ತೆಳ್ಳಗಿದ್ದರೂ ಬಾಗುವುದಿಲ್ಲ. ತೆಳ್ಳಗಿರುವುದರಿಂದ ಪುಡಿಯಾಗುವ ಮರ ಕಡಿಮೆ, ಬೇಕಾದ ಶಕ್ತಿಯೂ ಕಡಿಮೆ. ಹಿಡಿ ನೆಟ್ಟಗೆ ಕೋಲಿನ ಹಾಗಿದೆ, ಮಗಳು ಎಡಗೈಯವಳು, ಆರಾಮವಾಗಿ ಹಿಡಿದಳು.

ಅಮ್ಮ ಜಗಲಿ ಮೆಟ್ಟಿಲ ಮೇಲೆ ಕೂತು, ಹಲಗೆಯನ್ನು ಕೆಳಗಿನ ಮೆಟ್ಟಿಲಲ್ಲಿ ಉದ್ದಕ್ಕೆ ಇಟ್ಟು, ಕೊಯ್ಯುವ ತುದಿಯನ್ನು ಪಕ್ಕಕ್ಕೆ ಚಾಚಿ, ಎರಡೂ ಪಾದದಲ್ಲಿ ಒತ್ತಿದರು. ತರಕಾರಿ ಹೆಚ್ಚುವಾಗ ಮೆಟ್ಟುಕತ್ತಿಯನ್ನು ಮೆಟ್ಟಿ ಕೂರುತ್ತಾರಲ್ಲ, ಹಾಗೆ. ಎಳೆದಷ್ಟೂ ಹಲಗೆ ಮೇಲಿನ ಮೆಟ್ಟಿಲಿಗೆ ಒತ್ತಿಕೊಂಡು ನಿಲ್ಲುತ್ತದೆ, ಮೇಜೇ ಬೇಡ! ಅರ್ಧ ಅಮ್ಮ ಕೊಯ್ದರು, ಉಳಿದರ್ಧ ಮಗಳು. ಹಲಸಿನ ಹಳದಿ ಪುಡಿ ಬಿದ್ದು ಅಮ್ಮನ ಪಾದ ಅರಶಿನ ಹಚ್ಚಿದ ಹಾಗೆ ಕಾಣುತ್ತಿತ್ತು.

ಇದರಲ್ಲೂ ತೊಡಕಿದೆ. ಪುಡಿ ನಮ್ಮ ಕಡೆಗೇ ಬಂದು ಗೆರೆ ಮುಚ್ಚುತ್ತದೆ, ಊದುತ್ತಾ ಇರಬೇಕು. ತಿರುಚಿದರೆ ಹಲ್ಲು ಮುರಿಯುತ್ತದೆ. ನಾನು ತಂದದ್ದರ ಹಲ್ಲು ಅರ ಹಾಕಲಾಗದಷ್ಟು ಗಟ್ಟಿ, ಮೊಂಡಾದರೆ ಅಲಗನ್ನೇ ಬದಲಿಸಬೇಕು. ಮಾಮೂಲಿಯದ್ದನ್ನಾದರೆ ಆಚಾರಿ ಹತ್ತಿರ ಸಾಣೆ ಹಿಡಿಸಬಹುದು. ತುಕ್ಕು ಎರಡಕ್ಕೂ ಹಿಡಿಯುತ್ತದೆ, ನಮ್ಮೂರ ಮಳೆಗಾಲ ಗೊತ್ತಲ್ವಾ. ಕೆಲಸ ಮುಗಿದ ಮೇಲೆ ಎಣ್ಣೆ ಬಟ್ಟೆಯಲ್ಲಿ ಒರೆಸಿಡಿ.

ಛಾವಣಿಯ ಪಕ್ಕಾಸು, ರೀಪು ಕೊಯ್ಯುವವರಿಗೆ 380ರದ್ದೇ ಸಾಕು. ನಾವು ವರ್ಷಕ್ಕೆ ಮೂರ್ನಾಲ್ಕು ಸಣ್ಣ ಕೆಲಸ ಮಾಡುವವರು, ಅದೂ ಮೂವರು ಸೇರಿ, ಹಾಗಾಗಿ ಜಾಸ್ತಿ ಕೊಟ್ಟ ಸಾವಿರ ನನಗೆ ಭಾರ ಅನ್ನಿಸಲಿಲ್ಲ. ಈಗ ಮಗಳಿಗೆ ಪುಸ್ತಕ ಇಡಲು ಗೋಡೆ ಹಲಗೆ ಬೇಕಂತೆ, ಅಳತೆ ಅಜ್ಜಿಯೇ ತೆಗೆದಿಟ್ಟಿದ್ದಾರೆ.