ಗಿಲ್ಡ್ ವಾರ್ಸ್ 2: ಯಾವ ಎಕ್ಸ್‌ಪ್ಯಾನ್ಶನ್ ಮೊದಲು, ಯಾವುದು ಆಮೇಲೆ

ಆನ್‌ಲೈನ್ ರೋಲ್‌ಪ್ಲೇ ಆಟಗಳಲ್ಲಿ ಹೊಸ ಎಕ್ಸ್‌ಪ್ಯಾನ್ಶನ್ (ಆಟಕ್ಕೆ ಆಮೇಲೆ ಸೇರಿಸಿ ಮಾರುವ ಭಾಗ) ಬಂತೆಂದರೆ ಹಳೆಯ ಗಿಯರ್, ಅಂದರೆ ಪಾತ್ರ ತೊಡುವ ಆಯುಧ ಕವಚಗಳು, ಮೂಲೆಗೆ ಸೇರುವುದು ವಾಡಿಕೆ. ಲೆವೆಲ್ ಮಿತಿ ಏರುತ್ತದೆ. ತಿಂಗಳುಗಟ್ಟಲೆ ರೇಡ್ (ಗುಂಪು ಕಟ್ಟಿ ಕಠಿಣ ಶತ್ರುಗಳನ್ನು ಎದುರಿಸುವುದು) ಮಾಡಿ ಗಳಿಸಿದ ಕತ್ತಿ ಹೊಸ ಮ್ಯಾಪಿನ ಮೊದಲ ಕ್ವೆಸ್ಟ್‌ನಲ್ಲಿ ಸಿಗುವ ಕತ್ತಿಯ ಮುಂದೆ ಸಪ್ಪೆಯಾಗುತ್ತದೆ. ಗಿಲ್ಡ್ ವಾರ್ಸ್ 2 ಆ ದಾರಿ ಹಿಡಿಯಲಿಲ್ಲ. 2012ರ ಆಗಸ್ಟ್ 28ರಂದು ಅರೀನಾನೆಟ್ ಇದನ್ನು ಬಿಡುಗಡೆ ಮಾಡಿದಾಗ ಲೆವೆಲ್ ಮಿತಿ 80 ಇತ್ತು, ಆರು ಎಕ್ಸ್‌ಪ್ಯಾನ್ಶನ್‌ಗಳಾದ ಮೇಲೂ 80ರಲ್ಲೇ ಇದೆ. 2012ರ ಕೊನೆಯಲ್ಲಿ ಬಂದ ಅಸೆಂಡೆಡ್ ಎಂಬ ಮೇಲ್ದರ್ಜೆಯ ಗಿಯರ್ ಇವತ್ತಿಗೂ ಸಂಖ್ಯೆಯಲ್ಲಿ ಯಾವುದಕ್ಕೂ ಕಡಿಮೆಯಲ್ಲ. ವರ್ಷಗಟ್ಟಲೆ ಆಟ ಬಿಟ್ಟು ಮರಳಿದವರು ಅದೇ ಕವಚದಲ್ಲಿ ನೇರವಾಗಿ ಹೊಸ ಬಾಸ್ ಎದುರು ನಿಲ್ಲಬಹುದು.

ಹಾಗಾದರೆ ಎಕ್ಸ್‌ಪ್ಯಾನ್ಶನ್ ಹೆಸರಲ್ಲಿ ಮಾರುವುದೇನು? ಕಥೆ ಇದೆ, ಹೊಸ ಮ್ಯಾಪ್ ಇವೆ, ಆದರೆ ನಿಜವಾಗಿ ಕೈಗೆ ಬರುವುದು ಓಡಾಟದ ಶಕ್ತಿ. ಒಂದರಲ್ಲಿ ಗಾಳಿಯಲ್ಲಿ ತೇಲಿಸುವ ಗ್ಲೈಡರ್, ಇನ್ನೊಂದರಲ್ಲಿ ನೆಗೆಯುವ ಸವಾರಿ, ಮತ್ತೊಂದರಲ್ಲಿ ಹಾರುವ ಸವಾರಿ. ಯಾವುದನ್ನು ಮೊದಲು ಕೊಳ್ಳಬೇಕೆಂಬ ಲೆಕ್ಕವೂ ಇದರ ಮೇಲೆಯೇ ನಿಲ್ಲುತ್ತದೆ.

ತಿಂಗಳ ಚಂದಾ ಇಲ್ಲ. 2015ರ ಆಗಸ್ಟ್‌ನಿಂದ ಮೂಲ ಆಟವೂ ಉಚಿತ. ಉಚಿತ ಖಾತೆಗೆ ಕೆಲವು ಕಟ್ಟುಪಾಡುಗಳಿವೆ: ಐದರ ಬದಲು ಎರಡೇ ಪಾತ್ರ, ಆಟಗಾರರ ಮಾರುಕಟ್ಟೆಯಾದ ಟ್ರೇಡಿಂಗ್ ಪೋಸ್ಟ್‌ನಲ್ಲಿ ಆಯ್ದ ವಸ್ತುಗಳ ವ್ಯಾಪಾರ ಮಾತ್ರ, ಇನ್ನೊಬ್ಬರಿಗೆ ಚಿನ್ನ ಕಳಿಸುವಂತಿಲ್ಲ. ಯಾವುದೇ ಒಂದು ಎಕ್ಸ್‌ಪ್ಯಾನ್ಶನ್ ಕೊಂಡರೂ ಇವೆಲ್ಲ ಶಾಶ್ವತವಾಗಿ ತೆರವಾಗುತ್ತವೆ. ಆದ್ದರಿಂದ 80ನೇ ಲೆವೆಲ್ ಮುಟ್ಟುವವರೆಗೆ ದುಡ್ಡು ಬಿಚ್ಚುವ ಅಗತ್ಯವೇ ಇಲ್ಲ. ಎಕ್ಸ್‌ಪ್ಯಾನ್ಶನ್ ಜೊತೆ ಬರುವ, ಪಾತ್ರವನ್ನು ನೇರವಾಗಿ 80ನೇ ಲೆವೆಲ್‌ಗೆ ಏರಿಸುವ ಬೂಸ್ಟ್ ಅನ್ನು ಮೊದಲ ಪಾತ್ರಕ್ಕೆ ಹಾಕಬೇಡಿ. ಸ್ಕಿಲ್‌ಗಳು ಒಂದೊಂದಾಗಿ ತೆರೆಯುತ್ತ ಹೋಗುವುದು ಕಲಿಕೆಗೇ ಇರುವ ವ್ಯವಸ್ಥೆ. ಬೂಸ್ಟ್ ಹಾಕಿದವರು ಮೊದಲ ದಿನವೇ ಇಪ್ಪತ್ತು ಬಟನ್‌ಗಳ ಮುಂದೆ ಕಂಗಾಲಾಗುತ್ತಾರೆ.

ಮೂಲ ಆಟದ ಕಥೆ ಸಾಧಾರಣ. ಮೊದಲ ಅಧ್ಯಾಯಗಳಲ್ಲಿ ಜನಾಂಗಕ್ಕೊಂದು ಬಗೆಯ ಕಥೆ ಇದ್ದು ಚೆನ್ನಾಗಿ ಸಾಗುತ್ತದೆ, ಆಮೇಲೆ ಎಲ್ಲವೂ ಒಂದೇ ದಾರಿಗೆ ಸೇರಿ ನೀರಸವಾಗುತ್ತದೆ. ಕೊನೆಯ ಡ್ರ್ಯಾಗನ್ ಝೈಟಾನ್ ಜೊತೆಗಿನ ಕಾಳಗವೆಂದರೆ ಹಡಗಿನ ಫಿರಂಗಿಯ ಬಟನ್ ಒತ್ತುವುದಷ್ಟೆ. ಹಳಬರು ಇದನ್ನು ಇನ್ನೂ ಆಡಿಕೊಳ್ಳುತ್ತಾರೆ. ಆದರೆ ಮ್ಯಾಪ್‌ಗಳಿಗೆ ವಯಸ್ಸಾಗಿಲ್ಲ. 80ರ ಪಾತ್ರ 15ರ ಮ್ಯಾಪಿಗೆ ಹೋದರೆ ಅದರ ಬಲವೂ ಅಲ್ಲಿಗೆ ತಕ್ಕಂತೆ ಇಳಿಯುತ್ತದೆ. ಹೀಗಾಗಿ ಹಳೆಯ ಜಾಗಗಳಲ್ಲೂ ವರ್ಲ್ಡ್ ಬಾಸ್ (ನಿಗದಿತ ಸಮಯಕ್ಕೆ ಬರುವ ದೊಡ್ಡ ಶತ್ರು) ಹೊತ್ತಿಗೆ ಜನ ಕೂಡುತ್ತಾರೆ.

ಕಾಳಗದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಹೊಸಬರು ಎಡವುವುದು ಇಲ್ಲೇ. ಕೈಯಲ್ಲಿರುವ ಆಯುಧ ಮೊದಲ ಐದು ಸ್ಕಿಲ್‌ಗಳನ್ನು ನಿರ್ಧರಿಸುತ್ತದೆ. ಅದರ ಜೊತೆ ಒಂದು ಹೀಲ್ (ಜೀವ ತುಂಬುವುದು), ಮೂರು ಯುಟಿಲಿಟಿ (ನೆರವಿನವು), ಒಂದು ಎಲೀಟ್ (ಅತಿ ಪ್ರಬಲವಾದದ್ದು). ಏಟಿನಿಂದ ತಪ್ಪಿಸಿಕೊಳ್ಳಲು ಉರುಳುವ ಡಾಡ್ಜ್‌ಗೆ ಪ್ರತ್ಯೇಕವಾದ ಎಂಡ್ಯೂರೆನ್ಸ್ ಪಟ್ಟಿ ಇದೆ. ಅದರ ಪೂರ್ತಿ ಅಳತೆ 100, ಒಂದು ಡಾಡ್ಜ್‌ಗೆ 50 ಖರ್ಚು, ಸೆಕೆಂಡಿಗೆ 5ರಂತೆ ಮತ್ತೆ ತುಂಬುತ್ತದೆ. ಅಂದರೆ ಬರಿದಾದ ಪಟ್ಟಿ ಇನ್ನೊಂದು ಡಾಡ್ಜ್ ಕೊಡಲು ಹತ್ತು ಸೆಕೆಂಡ್ ಬೇಕು. ಕಾಳಗದ ಮೊದಲ ಎರಡು ಸಣ್ಣ ಏಟಿಗೇ ಎರಡೂ ಡಾಡ್ಜ್ ಕಳೆದುಕೊಂಡು, ದೊಡ್ಡ ಏಟು ಬರುವಾಗ ನಿಂತಲ್ಲೇ ನೆಲಕ್ಕುರುಳುವುದು ದಿನವೂ ಕಾಣುವ ದೃಶ್ಯ. ನೆಲದ ಮೇಲೆ ಕಿತ್ತಳೆ ವೃತ್ತ ಕಂಡರೆ ನಡೆದೇ ಹೊರಬನ್ನಿ, ಡಾಡ್ಜ್ ಉಳಿಸಿಕೊಳ್ಳಿ.

ಇನ್ನೊಂದು, ಬಾಸ್‌ನ ಜೀವದ ಪಟ್ಟಿಯ ಕೆಳಗೆ ಬರುವ ನೀಲಿ ಪಟ್ಟಿ. ಅದನ್ನು ಬ್ರೇಕ್ ಬಾರ್ ಅನ್ನುತ್ತಾರೆ. ಡ್ಯಾಮೇಜ್ ಎಷ್ಟೇ ಸುರಿದರೂ ಅದು ಇಳಿಯುವುದಿಲ್ಲ; ಸ್ಟನ್, ನಾಕ್‌ಡೌನ್, ಫಿಯರ್‌ನಂಥ, ಶತ್ರುವನ್ನು ತಡೆಯುವ ಕಂಟ್ರೋಲ್ ಸ್ಕಿಲ್‌ಗಳೇ ಬೇಕು. ಅದು ಮುರಿದರೆ ಬಾಸ್ ಕೆಲ ಸೆಕೆಂಡ್ ಸುಮ್ಮನಾಗುತ್ತಾನೆ. ಮುರಿಯದಿದ್ದರೆ ಗುಂಪಿಗೆ ಗುಂಪೇ ಮಲಗುತ್ತದೆ. ಐವತ್ತು ಜನರಿದ್ದೂ ಈವೆಂಟ್ ಸೋಲುವುದು ಹೆಚ್ಚಾಗಿ ಈ ಕಾರಣಕ್ಕೆ: ಯಾರೂ ಒಂದು ಕಂಟ್ರೋಲ್ ಸ್ಕಿಲ್ ಕೂಡ ತಮ್ಮ ಸ್ಕಿಲ್‌ಗಳ ಸಾಲಿನಲ್ಲಿ ಇಟ್ಟುಕೊಂಡಿರುವುದಿಲ್ಲ.

ಗಿಯರ್‌ಗೆ ಬಂದರೆ, 80 ಮುಟ್ಟಿದವರು ಸಿಕ್ಕಿದ್ದನ್ನೆಲ್ಲ ಧರಿಸಿ ಟಫ್‌ನೆಸ್ (ಏಟು ತಾಳುವ ಶಕ್ತಿ), ವೈಟಾಲಿಟಿ (ಜೀವದ ಅಳತೆ) ಕಲಬೆರಕೆ ಮಾಡಿಕೊಂಡಿರುತ್ತಾರೆ. ಹೊಡೆತದಲ್ಲಿ ಬಲವಿಲ್ಲ, ತಾಳಿಕೆಯೂ ಅಷ್ಟಕ್ಕಷ್ಟೆ. ಪವರ್ (ಏಟಿನ ಬಲ), ಪ್ರಿಸಿಶನ್, ಫೆರಾಸಿಟಿ ಮೂರೂ ಇರುವ ಬರ್ಸರ್ಕರ್ ಸೆಟ್ ತೊಡುವುದು ಸರಳ ಪರಿಹಾರ. 21 ಪ್ರಿಸಿಶನ್‌ಗೆ ಶೇ. 1 ಕ್ರಿಟಿಕಲ್ (ಮಾಮೂಲಿಗಿಂತ ಬಲವಾದ ಏಟಿನ) ಅವಕಾಶ ಏರುತ್ತದೆ. ಕ್ರಿಟಿಕಲ್ ಏಟಿನ ಮೂಲ ಅಳತೆ ಶೇ. 150, ಪ್ರತಿ 15 ಫೆರಾಸಿಟಿಗೆ ಶೇ. 1 ಸೇರುತ್ತದೆ. ಅಸೆಂಡೆಡ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಎಕ್ಸಾಟಿಕ್ ದರ್ಜೆಯೇ ಸಾಕು, ಅಸೆಂಡೆಡ್‌ನಲ್ಲಿ ಸಂಖ್ಯೆಗಳು ಹೆಚ್ಚುವುದು ಶೇ. 5ರ ಆಸುಪಾಸು ಮಾತ್ರ. ಅಸೆಂಡೆಡ್ ನಿಜಕ್ಕೂ ಬೇಕಾಗುವುದು ಫ್ರ್ಯಾಕ್ಟಲ್ ಡಂಜನ್‌ಗಳ (ಐವರ ಗುಂಪಿನ ಸವಾಲುಗಳು) ಮೇಲಿನ ಹಂತಗಳಲ್ಲಿ. ಅಲ್ಲಿ ಜೀವ ಕರಗಿಸುವ ಅಗೋನಿಯನ್ನು ತಡೆಯುವ ಇನ್‌ಫ್ಯೂಶನ್ (ಗಿಯರ್‌ಗೆ ಸೇರಿಸುವ ತುಣುಕು) ಕೂರಿಸುವ ಜಾಗ ಅದರಲ್ಲೇ ಇದೆ. ಎಕ್ಸಾಟಿಕ್ ಸೆಟ್ಟನ್ನು ಟ್ರೇಡಿಂಗ್ ಪೋಸ್ಟ್‌ನಲ್ಲೇ ಕೊಳ್ಳಬಹುದು. ಮಾರುವಾಗ ಮಾತ್ರ ಎಚ್ಚರ: ಪಟ್ಟಿಗೆ ಹಾಕಲು ಶೇ. 5, ಮಾರಾಟವಾದಾಗ ಶೇ. 10 ಮುರಿದುಕೊಳ್ಳುತ್ತಾರೆ. ಒಂದು ಗೋಲ್ಡ್‌ಗೆ ಕೊಂಡದ್ದನ್ನು 1 ಗೋಲ್ಡ್ 18 ಸಿಲ್ವರ್‌ಗಿಂತ ಕಡಿಮೆಗೆ ಮಾರಿದರೆ ನಷ್ಟ.

ಈಗ ಎಕ್ಸ್‌ಪ್ಯಾನ್ಶನ್‌ಗಳು. ಹಾರ್ಟ್ ಆಫ್ ಥಾರ್ನ್ಸ್ 2015ರ ಅಕ್ಟೋಬರ್ 23ರಂದು ಬಂತು. ನಾಲ್ಕೇ ಮ್ಯಾಪ್, ಆದರೆ ಒಂದೊಂದೂ ಮಹಡಿ ಮೇಲೆ ಮಹಡಿ ಕಟ್ಟಿದ ಹಾಗಿದೆ. ಟ್ಯಾಂಗಲ್ಡ್ ಡೆಪ್ತ್ಸ್‌ನಲ್ಲಿ ಮಿನಿಮ್ಯಾಪ್ ನಂಬಿದವರು ಕೆಟ್ಟರು. ಗುರಿ ಕಾಲ ಬಳಿಯೇ ಕಾಣುತ್ತದೆ, ನಿಜವಾಗಿ ಮೂರು ಹಂತ ಕೆಳಗಿರುತ್ತದೆ. ಗ್ಲೈಡಿಂಗ್, ಮಾಸ್ಟರಿ (80ರ ನಂತರ ಕಲಿಯುವ ಸಾಮರ್ಥ್ಯಗಳು), ಎಲೀಟ್ ಸ್ಪೆಷಲೈಸೇಶನ್ (ಪಾತ್ರದ ವೃತ್ತಿಗೆ ಸೇರುವ ಹೊಸ ಕವಲು), ರೇಡ್ ಇವೆಲ್ಲ ಶುರುವಾಗಿದ್ದು ಇದರಲ್ಲೇ. ಆರಿಕ್ ಬೇಸಿನ್‌ನ ಆಕ್ಟೋವೈನ್ ಕಾಳಗ ಇಡೀ ಆಟದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ರಚನೆ. ನಗರದ ನಾಲ್ಕು ದಿಕ್ಕಿನಲ್ಲಿ ನಾಲ್ಕು ಗುಂಪು, ನಾಲ್ಕೂ ಬಳ್ಳಿಗಳನ್ನು ಸರಿಸುಮಾರು ಒಂದೇ ಹೊತ್ತಿಗೆ ಕೊಲ್ಲಬೇಕು. ಒಂದು ಗುಂಪು ಆತುರಪಟ್ಟರೆ ಎಲ್ಲರ ಶ್ರಮವೂ ವ್ಯರ್ಥ.

ಇಲ್ಲಿ ಎರಡು ಲೆಕ್ಕ ತಿಳಿದಿರಬೇಕು. ಎಲೀಟ್ ಸ್ಪೆಷಲೈಸೇಶನ್ ಪೂರ್ತಿ ತೆರೆಯಲು 250 ಹೀರೋ ಪಾಯಿಂಟ್ ಬೇಕು. ಮೂಲ ಮ್ಯಾಪ್‌ಗಳಲ್ಲಿ ಒಂದು ಸವಾಲಿಗೆ ಒಂದೇ ಪಾಯಿಂಟ್, ಇಲ್ಲಿ ಹತ್ತು. ಹಾಗಾಗಿ 25 ಸವಾಲು ಮುಗಿಸಿದರೆ ಸಾಕು. ಕೆಲವು ಒಬ್ಬರಿಂದ ಆಗುವಂಥವಲ್ಲ, ಸವಾಲುಗಳನ್ನು ಸಾಲಾಗಿ ಮುಗಿಸುತ್ತ ಹೋಗುವ ಹೀರೋ ಪಾಯಿಂಟ್ ಟ್ರೇನ್ ನಡೆಸುವ ಸ್ಕ್ವಾಡ್ (ದೊಡ್ಡ ಗುಂಪು) ಸೇರಿಕೊಳ್ಳುವುದು ಜಾಣತನ. ಎರಡನೆಯದು ಮಾಸ್ಟರಿ. ಅದಕ್ಕೆ ಅನುಭವವೂ ಬೇಕು, ಆಯಾ ಪ್ರದೇಶದ ಮಾಸ್ಟರಿ ಪಾಯಿಂಟೂ ಬೇಕು. 80 ಆದಮೇಲೆ ಯಾವ ಮಾಸ್ಟರಿಯನ್ನೂ ಆರಿಸದೆ ಬಿಟ್ಟರೆ ಗಳಿಸಿದ ಅನುಭವ ಸುಮ್ಮನೆ ಸೋರಿಹೋಗುತ್ತದೆ. ಹೊಸ ಮ್ಯಾಪಿಗೆ ಕಾಲಿಟ್ಟ ಕೂಡಲೇ ಆ ಫಲಕ ತೆರೆದು ಮೊದಲು ಗ್ಲೈಡಿಂಗ್ ಸಾಲನ್ನು ಆರಿಸಿ.

2017ರ ಸೆಪ್ಟೆಂಬರ್ 22ರ ಪಾತ್ ಆಫ್ ಫೈರ್ ಸವಾರಿಗಳನ್ನು ತಂದಿತು. ಈ ಪ್ರಕಾರದ ಬೇರೆ ಆಟಗಳಲ್ಲಿ ಮೌಂಟ್ ಎಂದರೆ ವೇಗ ಹೆಚ್ಚಿಸುವ ಅಲಂಕಾರ. ಇಲ್ಲಿ ಪ್ರತಿಯೊಂದಕ್ಕೂ ತೂಕವಿದೆ, ತಿರುವಿನಲ್ಲಿ ಜಾರುತ್ತದೆ, ನೆಗೆತಕ್ಕೆ ಲೆಕ್ಕವಿದೆ. ರ‍್ಯಾಪ್ಟರ್ ಅಡ್ಡಕ್ಕೆ ದೂರ ಹಾರುತ್ತದೆ, ಸ್ಪ್ರಿಂಗರ್ ನೇರ ಮೇಲಕ್ಕೆ, ಸ್ಕಿಮ್ಮರ್ ನೀರಿನ ಮೇಲೆ ತೇಲುತ್ತದೆ, ಜ್ಯಾಕಲ್ ಮರಳಿನ ದ್ವಾರಗಳಲ್ಲಿ ಮಾಯವಾಗಿ ಬೇರೆಡೆ ಏಳುತ್ತದೆ. ಕಥೆ ಮುಗಿಸಿ, ಒಟ್ಟು 250 ಗೋಲ್ಡ್ ಸುರಿದರೆ ಗ್ರಿಫನ್. ಮೇಲಿಂದ ಧುಮುಕಿ ವೇಗ ಗಳಿಸಿ ಮತ್ತೆ ಮೇಲೇಳುವ ಅದರ ಹಾರಾಟ ಕಲಿಯಲು ಹೊತ್ತು ಹಿಡಿಯುತ್ತದೆ, ಕೈಗೆ ಹತ್ತಿದ ಮೇಲೆ ಆ 250 ಗೋಲ್ಡ್ ನೆನಪಿಗೇ ಬರುವುದಿಲ್ಲ. ದೋಷವೂ ಇದೆ. ಕಥೆ ಮುಗಿದ ಮೇಲೆ ಈ ಮ್ಯಾಪ್‌ಗಳಲ್ಲಿ ಗುಂಪು ಕೂಡುವಂಥ ದೊಡ್ಡ ಈವೆಂಟ್ ಕಡಿಮೆ, ಮತ್ತು ಶತ್ರುಗಳು ತೀರಾ ದೂರದಿಂದಲೇ ಬೆನ್ನು ಹತ್ತಿ ಸವಾರಿಯಿಂದ ಕೆಡವುತ್ತವೆ.

ಈಗ ಪಾತ್ ಆಫ್ ಫೈರ್ ಕೊಂಡರೆ ಹಾರ್ಟ್ ಆಫ್ ಥಾರ್ನ್ಸ್ ಅದರ ಜೊತೆಗೇ ಬರುತ್ತದೆ. ಮೊದಲ ಖರೀದಿ ಇದೇ ಆಗಲಿ.

ಆದರೆ ಎರಡರ ನಡುವಿನ ಕಥೆ ಅದರಲ್ಲಿಲ್ಲ. ಎಕ್ಸ್‌ಪ್ಯಾನ್ಶನ್‌ಗಳ ಮಧ್ಯೆ ಕಂತುಗಳಾಗಿ ಬಂದ ಲಿವಿಂಗ್ ವರ್ಲ್ಡ್ ಸೀಸನ್‌ಗಳು ಬಿಡುಗಡೆಯ ಹೊತ್ತಿಗೆ ಲಾಗಿನ್ ಆದವರಿಗೆ ಪುಕ್ಕಟೆ, ತಪ್ಪಿಸಿಕೊಂಡವರಿಗೆ ಕಂತಿಗೆ 200 ಜೆಮ್ (ದುಡ್ಡು ಕೊಟ್ಟು ಕೊಳ್ಳುವ ಆಟದ ನಾಣ್ಯ). ಇದು ಈ ಆಟದ ಅತಿ ಕೆಟ್ಟ ವ್ಯವಸ್ಥೆ, ಮುಚ್ಚಿಡುವಂಥದ್ದೇನಲ್ಲ. ಪಾತ್ ಆಫ್ ಫೈರ್‌ನ ಖಳನ ಪರಿಚಯ ಆಗುವುದು ಸೀಸನ್ 3ರಲ್ಲಿ. ಅದನ್ನು ಬಿಟ್ಟು ಮುಂದೆ ಹೋದವರಿಗೆ ಇವನು ಯಾರು, ಯಾಕೆ ಸಿಟ್ಟಾಗಿದ್ದಾನೆ ಎಂಬುದೇ ತಿಳಿಯದು. ಅಪೂರ್ವ ವೇಗದ ರೋಲರ್ ಬೀಟಲ್ ಸೀಸನ್ 4ರ ಒಳಗಿದೆ. ಸಮಾಧಾನವೆಂದರೆ ಆಟದ ಚಿನ್ನ ಕೊಟ್ಟೂ ಜೆಮ್ ಪಡೆಯಬಹುದು. ಒಂದೇ ಕಂತು ಕೊಳ್ಳುವುದಾದರೆ ಸೀಸನ್ 3ರ ಬಿಟರ್‌ಫ್ರಾಸ್ಟ್ ಫ್ರಾಂಟಿಯರ್ ಇರುವ ಕಂತು ಕೊಳ್ಳಿ. ಅಲ್ಲಿನ ಪೊದೆಗಳಲ್ಲಿ ಬಿಡುವ ವಿಂಟರ್‌ಬೆರಿಗಳನ್ನು ಪ್ರತಿದಿನ ಕೊಯ್ದು ಅಸೆಂಡೆಡ್ ಆಭರಣ ಪಡೆಯುವುದು ಸುಲಭ ದಾರಿಗಳಲ್ಲೊಂದು.

ಎಂಡ್ ಆಫ್ ಡ್ರ್ಯಾಗನ್ಸ್ 2022ರ ಫೆಬ್ರುವರಿ 28ರದ್ದು. ಮೀನುಗಾರಿಕೆ, ದೋಣಿ, ಇಬ್ಬರು ಕೂರುವ ಆಮೆಯ ಸವಾರಿ. ಡ್ರ್ಯಾಗನ್ ಕಥೆಗೆ ಇಲ್ಲಿ ಗೌರವದ ಮುಕ್ತಾಯ ಸಿಗುತ್ತದೆ. ಕೊನೆಯ ಮ್ಯಾಪಿನ ದೊಡ್ಡ ಕಾಳಗ ಮೊದಲ ದಿನಗಳಲ್ಲಿ ಸೋಲಿನ ಮೇಲೆ ಸೋಲು ತಂದಿತ್ತು, ಆಮೆಯ ಮೊಟ್ಟೆಗೂ ಆ ಗೆಲುವೇ ಬೇಕಿತ್ತು. ಜನ ಸಿಟ್ಟಾದ ಮೇಲೆ ಕಾಳಗವನ್ನು ಸಡಿಲಿಸಿದರು, ಮೊಟ್ಟೆಗೆ ಟೋಕನ್ ದಾರಿಯನ್ನೂ ಕೊಟ್ಟರು. ಈಗಲೂ ಸುಮ್ಮನೆ ಹೋಗಿ ನಿಲ್ಲುವ ಬದಲು ಕ್ವಿಕ್‌ನೆಸ್ (ಚುರುಕು ಹೊಡೆತ), ಅಲ್ಯಾಕ್ರಿಟಿ (ಸ್ಕಿಲ್ ಬೇಗ ಮರಳುವುದು) ಕೊಡುವವರನ್ನು ಪ್ರತಿ ಐವರ ಉಪಗುಂಪಿಗೂ ಹಂಚಿರುವ ಸ್ಕ್ವಾಡ್ ಹುಡುಕುವುದು ಒಳ್ಳೆಯದು.

2023ರ ಆಗಸ್ಟ್ 22ರ ಸೀಕ್ರೆಟ್ಸ್ ಆಫ್ ದಿ ಅಬ್ಸ್‌ಕ್ಯೂರ್‌ನಿಂದ ಎಕ್ಸ್‌ಪ್ಯಾನ್ಶನ್‌ಗಳು ಚಿಕ್ಕದಾದವು, ವರ್ಷಕ್ಕೊಂದಾದವು, ಉಳಿದ ಕಥೆ ಮುಂದಿನ ಅಪ್‌ಡೇಟ್‌ಗಳಲ್ಲಿ ಬರತೊಡಗಿತು. ಕಥೆ ಪೇಲವ, ರಿಫ್ಟ್ (ಶತ್ರುಗಳು ಬರುವ ಬಿರುಕು) ಮುಚ್ಚುವ ಕೆಲಸ ಹತ್ತನೇ ಸಲಕ್ಕೇ ಬೇಸರ. ಹಾಗಿದ್ದೂ ಇದನ್ನು ಎರಡನೇ ಖರೀದಿಯಾಗಿ ಹೇಳುತ್ತೇನೆ, ಕಾರಣ ಸ್ಕೈಸ್ಕೇಲ್. ಸೀಸನ್ 4ರಲ್ಲಿ ಈ ಹಾರುವ ಮರಿ ಡ್ರ್ಯಾಗನ್ ಪಡೆಯಲು ದಿನಗಟ್ಟಲೆ ಕಾಯಿಸುವ ಸಂಗ್ರಹಗಳಿದ್ದವು, ಇಲ್ಲಿ ಕಥೆಯ ಆರಂಭದಲ್ಲೇ ಸವಾರಿ ಕೈಗೆ ಬರುತ್ತದೆ. ಎಲೀಟ್ ಸ್ಪೆಷಲೈಸೇಶನ್‌ನ ಆಯುಧವನ್ನು ಆ ಸ್ಪೆಷಲೈಸೇಶನ್ ಇಲ್ಲದೆಯೂ ಹಿಡಿಯುವ ಅವಕಾಶ ಕೂಡ ಇದರದ್ದೇ ಕೊಡುಗೆ. ಇದನ್ನೇ ಮೊದಲು ಕೊಳ್ಳಿ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ನೆಲದ ಸವಾರಿಗಳನ್ನು ಕಲಿಯುವ ಮೊದಲೇ ಸ್ಕೈಸ್ಕೇಲ್ ಹತ್ತಿದವರು ಎಲ್ಲ ಮ್ಯಾಪುಗಳನ್ನೂ ಮೇಲಿಂದಲೇ ದಾಟಿಬಿಡುತ್ತಾರೆ, ಹಾರ್ಟ್ ಆಫ್ ಥಾರ್ನ್ಸ್‌ನ ಕಾಡಿನ ಸೊಗಸು ಅವರಿಗೆ ಸಿಗುವುದೇ ಇಲ್ಲ.

ಜಂತಿರ್ ವೈಲ್ಡ್ಸ್ (2024ರ ಆಗಸ್ಟ್ 20) ಸ್ವಂತ ಮನೆಯ ಜಾಗ ಮತ್ತು ಎಲ್ಲ ಒಂಬತ್ತು ವೃತ್ತಿಗಳಿಗೂ ನೆಲದ ಮೇಲೆ ಹಿಡಿಯುವ ಭರ್ಜಿ ಕೊಟ್ಟಿತು. ಮನೆ ಅಲಂಕರಿಸುವ ಹುಚ್ಚು ಇಲ್ಲದವರು ರಿಯಾಯಿತಿಗೆ ಕಾಯಬಹುದು. 2025ರ ಅಕ್ಟೋಬರ್ 28ರ ವಿಷನ್ಸ್ ಆಫ್ ಎಟರ್ನಿಟಿ ಪ್ರತಿ ವೃತ್ತಿಗೂ ಹೊಸ ಎಲೀಟ್ ಸ್ಪೆಷಲೈಸೇಶನ್ ತಂದಿದೆ. ಹೊಸ ಬಿಲ್ಡ್‌ಗಾಗಿ (ಸ್ಕಿಲ್, ಗಿಯರ್‌ಗಳ ಜೋಡಣೆ) ಹಸಿದ ಹಳಬರಿಗೆ ಇದು ಸರಿ, ಹೊಸಬರಿಗೆ ಕೊನೆಯದು.

ಯಂತ್ರದ ವಿಷಯ ಒಂದು ಬಾಕಿ ಇದೆ. 2021ರಲ್ಲಿ ಡೈರೆಕ್ಟ್‌ಎಕ್ಸ್ 11 ಬಂದ ಮೇಲೆ ಸುಧಾರಿಸಿದ್ದರೂ, ಈ ಎಂಜಿನ್ ಹೆಚ್ಚು ಭಾರ ಹಾಕುವುದು ಪ್ರೊಸೆಸರ್‌ನ ಒಂದೇ ಥ್ರೆಡ್ (ಕೆಲಸದ ಸಾಲು) ಮೇಲೆ. ದುಬಾರಿ ಗ್ರಾಫಿಕ್ಸ್ ಕಾರ್ಡ್ ಹಾಕಿದರೂ ಇಡೀ ಮ್ಯಾಪ್ ಸೇರಿ ಆಡುವ ದೊಡ್ಡ ಮೆಟಾ ಈವೆಂಟ್‌ನಲ್ಲಿ ಫ್ರೇಮ್ ಕುಸಿಯುವುದು (ಚಿತ್ರ ತಡವರಿಸುವುದು) ಇದಕ್ಕೇ. ಗ್ರಾಫಿಕ್ಸ್ ಆಯ್ಕೆಗಳಲ್ಲಿ ಕ್ಯಾರೆಕ್ಟರ್ ಮಾಡೆಲ್ ಲಿಮಿಟ್ ಮತ್ತು ಮಾಡೆಲ್ ಕ್ವಾಲಿಟಿ ಎರಡನ್ನೂ ಲೋಯೆಸ್ಟ್‌ಗೆ ಇಳಿಸಿ, ಶ್ಯಾಡೋ ಮತ್ತು ರಿಫ್ಲೆಕ್ಷನ್ ಕಡಿತ ಮಾಡಿ, ಎಲ್ಲ ಆಟಗಾರರ ಹೆಸರು ತೋರಿಸುವ ಆಯ್ಕೆ ತೆಗೆಯಿರಿ. ಈವೆಂಟ್ ಮುಗಿದ ಮೇಲೆ ಮಾಡೆಲ್ ಲಿಮಿಟ್ ಮತ್ತೆ ಮೀಡಿಯಂಗೆ ಏರಿಸುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಜನ ತುಂಬಿದ ನಗರದಲ್ಲಿ ವ್ಯಾಪಾರಿ ಪಾತ್ರಗಳೂ ಕಣ್ಣಿಗೆ ಬೀಳುವುದಿಲ್ಲ.