ಮೊಣಕಾಲಿನ ಕೀಲು ಬದಲಾವಣೆಯ ನಂತರ ಒಂದು ವ್ಯಾಯಾಮ ಆ್ಯಪ್‌ನೊಂದಿಗೆ ಆರು ವಾರ

ಮೊಣಕಾಲಿನ ಕೀಲು ಬದಲಾವಣೆಯ ಶಸ್ತ್ರಚಿಕಿತ್ಸೆಯಾದ ಮೇಲೆ ಅಮ್ಮನ ವ್ಯಾಯಾಮಕ್ಕೆಂದು ನಾವು ಆರು ವಾರ ಒಂದು ಮೊಬೈಲ್ ಆ್ಯಪ್ ಬಳಸಿದೆವು. ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುತ್ತಾ ಮಂಡಿ ಮಡಚುವುದು, ತೊಡೆಯ ಸ್ನಾಯುವನ್ನು ಬಿಗಿಹಿಡಿದು ಐದು ಎಣಿಸುವುದು, ಪಾದವನ್ನು ಮೇಲೆ ಕೆಳಗೆ ಆಡಿಸುವುದು, ಇವನ್ನೆಲ್ಲ ಆಸ್ಪತ್ರೆಯಲ್ಲಿ ಕೊಟ್ಟ ಕಾಗದಕ್ಕಿಂತ ಇದರ ವಿಡಿಯೊಗಳು ಎಷ್ಟೋ ಸ್ಪಷ್ಟವಾಗಿ ತೋರಿಸುತ್ತವೆ. ಹೊತ್ತಿಗೆ ಸರಿಯಾಗಿ ಬರುವ ಅದರ ಗಂಟೆಯಂತೂ ಮನೆಯವರ ಗೊಣಗಾಟಕ್ಕಿಂತ ಹೆಚ್ಚು ಕೆಲಸ ಮಾಡಿತು.

ಇದರ ನಿಜವಾದ ಹೆಚ್ಚುಗಾರಿಕೆ ಕೋನದ ಅಳತೆ. ಫೋನನ್ನು ಮೊಣಕಾಲಿನ ಕೆಳಗೆ ಪಟ್ಟಿಯಿಂದ ಕಟ್ಟಿದರೆ ಅದರೊಳಗಿನ ಸಂವೇದಕಗಳು ಓರೆಯನ್ನು ಗುರುತಿಸಿ ಮಂಡಿ ಎಷ್ಟು ಮಡಚಿತೆಂದು ಹೇಳುತ್ತವೆ. ಕುರ್ಚಿಯಲ್ಲಿ ಆರಾಮವಾಗಿ ಕೂರಲು ಸುಮಾರು 90 ಡಿಗ್ರಿ ಬೇಕು. 70ರಿಂದ ಅಲ್ಲಿಗೆ ಏರಿದ ಗೆರೆಯನ್ನು ನೋಡಿ ಅಮ್ಮನಿಗೆ ಬಂದ ಧೈರ್ಯ ಯಾರ ಸಮಾಧಾನದ ಮಾತಿನಿಂದಲೂ ಬಂದಿರಲಿಲ್ಲ. ಆದರೆ ಪಟ್ಟಿ ತುಸು ಜಾರಿದರೂ ಲೆಕ್ಕ ತಪ್ಪುತ್ತದೆ: ಒಂದು ಬೆಳಿಗ್ಗೆ ಅದು 104 ಎಂದು ತೋರಿಸಿದ್ದು ಫಿಸಿಯೋಥೆರಪಿಸ್ಟ್ ತಮ್ಮ ಕೋನಮಾಪಕದಿಂದ ಅಳೆದಾಗ 92 ಇತ್ತು. ಕಾಲು ಪೂರ್ತಿ ನೇರವಾಗುವುದು ಮಡಚುವಷ್ಟೇ ಮುಖ್ಯವಾದರೂ ಈ ಆ್ಯಪ್ ಅದನ್ನು ಅಳೆಯುವುದೇ ಇಲ್ಲ; ನನಗೆ ಇದು ದೊಡ್ಡ ಕೊರತೆಯಾಗಿ ಕಂಡಿತು.

ಅಕ್ಷರಗಳು ತೀರಾ ಚಿಕ್ಕವು. ನೋವಿನ ಪ್ರಶ್ನಾವಳಿಯೂ ಸಾಧಾರಣ. ಮೀನಖಂಡದಲ್ಲಿ ಊತ ಮತ್ತು ನೋವಿದೆಯೆಂದು ನಮೂದಿಸಿದ ದಿನ, ರಕ್ತ ಹೆಪ್ಪುಗಟ್ಟಿರುವುದರ ಸೂಚನೆಯಾಗಿರಬಹುದಾದ ಆ ಲಕ್ಷಣಕ್ಕೆ ಕೂಡಲೇ ವೈದ್ಯರನ್ನು ಕಾಣಿರಿ ಎನ್ನುವ ಬದಲು, ‘ಇಂದು ವಿಶ್ರಾಂತಿ ಪಡೆಯಿರಿ’ ಎಂದಿತು. ನಾವು ಅದರ ಮಾತು ಕೇಳದೆ ಆಸ್ಪತ್ರೆಗೆ ಹೋದೆವು. ವಾರಕ್ಕೊಮ್ಮೆಯಾದರೂ ಫಿಸಿಯೋಥೆರಪಿಸ್ಟ್ ಕಣ್ಣಿಗೆ ಕಾಲು ಬೀಳುವಂತಿದ್ದರೆ ಈ ಆ್ಯಪ್ ಇಟ್ಟುಕೊಳ್ಳಬಹುದು.